ಕೊನೆಯ ಎಂಟು ನಿಮಿಷ

"ಇವತ್ತ ಮೈಕ್ ಹಚ್ಚಬ್ಯಾಡೊ ಧನಾಜಿ. ಪರದೆ ಕೆಳಗ ಮರಾಠಿ ಅಕ್ಷರ ಬರೂ ಕಾಪಿ ಸಿಕ್ಕೈತಿ," ಎಂದು ಅಣ್ಣಾರಾಯ ಸರ್ ಕೆಳಗಿನಿಂದ ಕೂಗಿ ಹೇಳಿದಾಗ ಧನಾಜಿ ಏಣಿಯ ಮೇಲೆ ನಿಂತು ಶೆಡ್ಡಿನ ಹಸಿರು ಜಾಲರಿಗೆ ತಾಡಪತ್ರಿ ಕಟ್ಟುತ್ತಿದ್ದ. ನಾಲ್ಕು ಗಂಟೆಯ ಬಿಸಿಲು ಒಂದು ಸೀಳಿನಿಂದ ಒಳಗೆ ನುಗ್ಗಿದರೂ ಸಾಕು, ಪರದೆಯ ಮೇಲಿನ ಮುಖಗಳೆಲ್ಲ ಬಿಳಿಚಿಹೋಗುತ್ತವೆ. ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ ಸುತಳಿಯನ್ನು ತೆಗೆದು ಅವನು ಕೇಳಿದ:

"ಪೂರಾ ಸಿನಿಮಾಕ್ಕ ಐತೇನ್ರಿ ಸರ, ಅಕ್ಷರ?"

"ಪೂರಾ ಐತಿ. ಕೊಲ್ಹಾಪುರದ ಗೆಳ್ಯಾರು ಕಳಿಸ್ಯಾರ."

ಧನಾಜಿಯ ಕೈಯಲ್ಲಿದ್ದ ಗಂಟು ಬಿಚ್ಚಿಕೊಂಡು ತಾಡಪತ್ರಿಯ ಒಂದು ಮೂಲೆ ಸರ್ರನೆ ಜಾರಿತು. ಇವತ್ತು ತೋರಿಸುವುದು ಆ ಹಂಗೇರಿಯ ಸಿನಿಮಾ ಎಂದು ಅವನಿಗೆ ಗೊತ್ತಿತ್ತು. ಆದರೆ ಅದಕ್ಕೆ ಪೂರಾ ಅಕ್ಷರ ಇರುವ ಪ್ರತಿ ಸಿಗಬಹುದೆಂದು ಒಂದು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ.

ಮಹಾರಾಷ್ಟ್ರದ ಗಡಿಯೊಳಗಿನ ಕನ್ನಡದೂರು ವಳಸಂಗದ ಅಪ್ಪಾಸಾಹೇಬರ ಬೇದಾಣೆ ಶೆಡ್ಡಿನಲ್ಲಿ ಪ್ರತಿ ರವಿವಾರ ದೇಶವಿದೇಶದ ಸಿನಿಮಾ ನಡೆಯುತ್ತದೆ ಎಂದರೆ ಜತ್ತ ಪೇಟೆಯವರೇ ನಂಬುವುದಿಲ್ಲ. ದ್ರಾಕ್ಷಿ ಒಣಗಿಸಿ ಬೇದಾಣೆ ಮಾಡುವ ಹಂಗಾಮು ಮುಗಿದ ಮೇಲೆ ಶೆಡ್ಡು ಖಾಲಿ. ಮರಾಠಿ ಶಾಲೆಯ ಮುಖ್ಯಾಧ್ಯಾಪಕರಾಗಿ ನಿವೃತ್ತರಾದ ಅಣ್ಣಾರಾಯ ಸರ್‌ಗೆ ಲಾಕ್‌ಡೌನಿನಲ್ಲಿ ಫೋನಿನ ಮೇಲೆ ಹತ್ತಿದ ಹುಚ್ಚು ಇದು. ಮೊದಲು ಐದಾರು ಗಂಡಸರು ಕೂಡುತ್ತಿದ್ದರು. ಹಂಗಾಮಿನಲ್ಲಿ ಅಲ್ಲೇ ಬೇದಾಣೆ ಆರಿಸುವ ಹೆಂಗಸರು ಒಂದು ದಿನ ಏನು ನಡೆದಿದೆ ಎಂದು ಇಣುಕಿದವರು ಮತ್ತೆ ಎದ್ದು ಹೋಗಲಿಲ್ಲ. ಈಗ ಮೂವತ್ತು ನಾಲ್ವತ್ತು ಜನ.

ಬಂದವರಿಗೆಲ್ಲ ಒಂದೊಂದು ರುಚಿ. ಶಂಕರೆಪ್ಪ ದನಕರು ಇರುವ ಸಿನಿಮಾ ಬಿಟ್ಟು ಬೇರೆ ಯಾವುದನ್ನೂ ಶಿಫಾರಸು ಮಾಡುವುದಿಲ್ಲ. ಮಂಗೋಲಿಯಾ ಅವನ ಪಾಲಿಗೆ ಸ್ವರ್ಗ. ಗುರವ್ವನಿಗೆ ಜಪಾನಿನವು ಸೇರುತ್ತವೆ, ಆದರೆ ಅವರು ಅಷ್ಟೊತ್ತು ಉಣ್ಣುತ್ತಾರೆ, ಏನು ಉಂಡರೆಂದು ಮಾತ್ರ ಸರಿಯಾಗಿ ತೋರಿಸುವುದಿಲ್ಲ ಎಂಬುದು ಅವಳ ಖಾಯಂ ತಕರಾರು. ಇರಾನಿನ ಸಿನಿಮಾದ ಮಕ್ಕಳು ಇಷ್ಟು ಓಡುವ ಬದಲು ತಾಯಿಗೆ ಒಂದು ಮಾತು ಹೇಳಬಾರದೇ ಎಂದು ಕರಿಷ್ಮಾ ಪ್ರತಿ ಸಲ ಸಿಡುಕುತ್ತಾಳೆ. ಎಲ್ಲರ ಅಭಿಪ್ರಾಯವನ್ನೂ ಸರ್ ಒಂದೊಂದಾಗಿ ಕೇಳುತ್ತಾರೆ. ಕೇಳದೆ ಬಿಡುವುದು ಒಬ್ಬನನ್ನೇ.

ಆ ಒಬ್ಬ ಧನಾಜಿ. ಮೈಕ್‌ಸೆಟ್ ಅವನದು, ಪ್ರೊಜೆಕ್ಟರ್ ಅವನದು. ಜತ್ತದ ಕಾಲೇಜಿನಲ್ಲಿ ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಓದಿ ಒಂದೇ ಒಂದು ಪೇಪರ್ ಉಳಿಸಿಕೊಂಡವನು. ಸಿನಿಮಾದ ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿದ್ದಂತೆ ಪರದೆಯ ಮಗ್ಗುಲಲ್ಲಿ ನಿಂತು, ಮೈಕಿನಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಹೇಳುವವನು ಅವನೇ. ಗಂಡಿನ ಮಾತು, ಹೆಣ್ಣಿನ ಮಾತು, ಪೊಲೀಸರ ಬೈಗುಳ, ಎಲ್ಲ ಒಂದೇ ಗಂಟಲು. 'ಹೇಳಾವ' ಎಂದೇ ಅವನಿಗೆ ಹೆಸರು. ಒಮ್ಮೆ ಚರ್ಚೆಯಲ್ಲಿ ತಡೆಯಲಾರದೆ ಬಾಯಿ ಹಾಕಿದ್ದ. ಸರ್ ನಕ್ಕು, "ನೀ ಹೇಳೂದ ಹೇಳೀದಿ, ಈಗ ವಯರ್ ಸುತ್ತು," ಎಂದಿದ್ದರು. ಅವತ್ತು ನಕ್ಕವರ ಮುಖಗಳನ್ನು ಅವನು ಒಂದೊಂದಾಗಿ ನೆನಪಿಟ್ಟಿದ್ದಾನೆ.

ಹೊಟ್ಟೆಯೊಳಗಿನದನ್ನು ಎಲ್ಲಾದರೂ ಹಾಕಬೇಕಲ್ಲ! ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದ. ತೊಂಬತ್ತೇಳು ಸಿನಿಮಾ, ಒಂದೊಂದಕ್ಕೂ ಎರಡು ಪುಟ. ಕೊಲ್ಹಾಪುರದಲ್ಲಿ ಎರಡು ದಿನದ ಪ್ರೇಕ್ಷಕರ ಶಿಬಿರ ಇದೆ, ಇಲ್ಲಿಂದ ಒಬ್ಬರು ಬಂದು ಮಾತಾಡಲಿ ಎಂದು ಕರೆ ಬಂದಾಗ ಅವನಿಗೆ ಮೂರು ರಾತ್ರಿ ನಿದ್ದೆ ಹತ್ತಲಿಲ್ಲ. ತನ್ನನ್ನು ಕಳಿಸಿರೆಂದು ಅಪ್ಪಾಸಾಹೇಬರ ಮನೆಗೇ ಹೋಗಿ ಕೇಳಿದ್ದ. ಅವರು ಎಲೆಗೆ ಸುಣ್ಣ ಹಚ್ಚುತ್ತ, ನೋಡೋಣಂತ, ಸಿನಿಮಾ ಮುಗಿದ ಮೇಲೆ ಎಲ್ಲರ ಮುಂದೆ ಠರಾಯಿಸೋಣ ಎಂದಿದ್ದರು. ಆ ದಿನ ಇವತ್ತು.

ಇನ್ನು ಆ ಹಂಗೇರಿಯ ಸಿನಿಮಾದ ಗುಟ್ಟು. ಗಂಡ ಹನ್ನೊಂದು ವರ್ಷ ಜೈಲಿನಲ್ಲಿ, ಹೆಂಡತಿ ಉಪ್ಪಿನ ಕಾರ್ಖಾನೆಯಲ್ಲಿ. ಕೊನೆಗೆ ಅವನು ಬಿಡುಗಡೆಯಾಗಿ ಇಬ್ಬರೂ ಬಸ್ಸು ಹತ್ತುತ್ತಾರೆ. ಬಸ್ಸಿನಲ್ಲಿ ಅವಳೊಬ್ಬಳೇ ಮಾತಾಡುತ್ತಾಳೆ, ಪೂರಾ ಎಂಟು ನಿಮಿಷ. ಹೋದ ವರ್ಷ ಇದನ್ನು ತೋರಿಸಿದಾಗ ಬಸ್ಸು ಹತ್ತಿದ ಕ್ಷಣಕ್ಕೆ ಇಂಗ್ಲಿಷ್ ಅಕ್ಷರಗಳು ನಿಂತುಹೋದವು. ಫೈಲೇ ಅಷ್ಟು. ಕೆಳಗಿನ ಇಂಗ್ಲಿಷ್ ಅಕ್ಷರದ ಮೇಲೆ ಕಣ್ಣಿಟ್ಟಿದ್ದವನು ಧನಾಜಿ ಒಬ್ಬನೇ. ಅವಳ ತುಟಿ ಅಲುಗುತ್ತಿದೆ, ನಾಲ್ವತ್ತು ಜನ ಉಸಿರು ಬಿಗಿಹಿಡಿದು ಧನಾಜಿಯತ್ತ ಕಿವಿಗೊಟ್ಟಿದ್ದಾರೆ. ಅವನು ಏನು ಮಾಡಬೇಕು? ಹೇಳಿದ. ತುಟಿ ಅಲುಗಿದಷ್ಟು ಹೊತ್ತೂ ಹೇಳಿದ. "ಹನ್ನೊಂದ ವರ್ಷ ಬಾಗಲಾ ಕಡೆ ಮಾರಿ ಮಾಡಿ ಉಂಡೀನಿ. ಇವತ್ತಿಂದ ಬಾಗಲಕ್ಕ ಬೆನ್ನ ಮಾಡಿ ಉಣ್ಣತೀನಿ."

ಮಾತು ಎಲ್ಲಿಂದಲೂ ಹಾರಿಬಂದದ್ದಲ್ಲ. ಅಪ್ಪ ಕಬ್ಬು ಕಡಿಯುವ ಟೋಳಿಯ ಜೊತೆ ವರ್ಷಕ್ಕೆ ಆರು ತಿಂಗಳು ಹೋಗುತ್ತಿದ್ದಾಗ ಅವ್ವ ಶೇವಂತಾ ಹಾಗೆಯೇ ಬಾಗಿಲಿಗೆ ಮುಖ ಮಾಡಿ ಕೂತು ಉಣ್ಣುತ್ತಿದ್ದಳು. ಅಪ್ಪ ತೀರಿ ಒಂಬತ್ತು ವರ್ಷವಾದರೂ ಅವಳು ಕೂರುವ ಜಾಗ ಬದಲಾಗಿಲ್ಲ.

ಅವತ್ತು ಶೆಡ್ಡಿನಲ್ಲಿ ಅಳದವರಿರಲಿಲ್ಲ. ಬಾಗಿಲಿನ ಮಾತು ಊರಿನ ಮಾತಾಯಿತು. ಅಣ್ಣಾರಾಯ ಸರ್ ಅಂತೂ ಆ ಬಾಗಿಲಿನ ಮೇಲೆ ಒಂದು ದೊಡ್ಡ ಲೇಖನ ಬರೆದು ಸಾಂಗಲಿಯ ದೀಪಾವಳಿ ಸಂಚಿಕೆಯಲ್ಲಿ ಹಾಕಿಸಿದರು. ಯುರೋಪಿನ ಆತ್ಮ, ಯುದ್ಧದ ಗಾಯ, ದಿಗ್ದರ್ಶಕನ ಪ್ರತಿಭೆ, ಎಲ್ಲ ಬಂದಿತ್ತು. ಓದಿ ನಗಬೇಕೋ ಅಳಬೇಕೋ ಧನಾಜಿಗೆ ತಿಳಿಯಲಿಲ್ಲ. ತನ್ನದು ಎಂದರೆ ಮೋಸಗಾರ, ಸುಮ್ಮನಿದ್ದರೆ ಬರೀ ಗಂಟಲು.

ಸಿನಿಮಾ ಶುರುವಾಯಿತು. ಮರಾಠಿ ಓದಬಲ್ಲವರು ಓದಿದರು, ಓದಲು ಬಾರದವರಿಗೆ ಮಗ್ಗುಲಲ್ಲಿ ಕೂತವರು ಪಿಸುಗುಟ್ಟಿದರು. ಸುಮ್ಮನೆ ಕೂತು ಸಿನಿಮಾ ನೋಡಿದ್ದು ಧನಾಜಿಗೆ ಇದೇ ಮೊದಲು. ಕೈಗೆ ಕೆಲಸವಿಲ್ಲದೆ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ.

ಬಸ್ಸು ಬಂತು. ಇಬ್ಬರೂ ಹತ್ತಿದರು. ಅವಳು ಮಾತಾಡತೊಡಗಿದಳು, ಕೆಳಗೆ ಅಕ್ಷರಗಳು ಮೂಡಿದವು. ಕಲ್ಲಿದ್ದಲು ತುಟ್ಟಿಯಾಗಿದೆ. ಅಡುಗೆಮನೆಯ ಮೂಲೆ ಸೋರುತ್ತದೆ, ಪಾತ್ರೆ ಇಟ್ಟಿದ್ದೇನೆ. ಕೆಳಗಿನ ಮನೆಯವಳ ಬೆಕ್ಕು ಮೂರು ಮರಿ ಹಾಕಿದೆ, ಒಂದಕ್ಕೆ ಬಾಲವಿಲ್ಲ. ಹೀಗೇ ಎಂಟು ನಿಮಿಷ. ಕಾದದ್ದರ ಬಗ್ಗೆ ಒಂದಕ್ಷರವಿಲ್ಲ. ಕಿಟಕಿಯಾಚೆ ನೋಡುತ್ತಿದ್ದ ಗಂಡ ಬೆಕ್ಕಿನ ಮಾತಿಗೆ ಮೆಲ್ಲಗೆ ಅವಳ ಕಡೆ ತಿರುಗಿದ.

ಹೋದ ವರ್ಷ ಗಂಡ ತಿರುಗಿದ್ದನ್ನು ಧನಾಜಿ ನೋಡಿಯೇ ಇರಲಿಲ್ಲ. ಇಂಥ ಮಾತಿನ ಮೇಲೆ ತಾನು ಮೈಕು ಹಿಡಿದು ಅರಚಿದ್ದೆನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಗಿಂತ ದೊಡ್ಡದಾಗಿ, ಇದನ್ನು ಯಾರಿಗಾದರೂ ಈಗಲೇ ಹೇಳಬೇಕೆನಿಸಿತು.

ಶೆಡ್ಡಿನಲ್ಲಿ ಗುಜುಗುಜು ಎದ್ದಿತ್ತು. ಬಾಗಿಲು ಎಲ್ಲಿ ಹೋಯಿತು ಎಂದು ಒಬ್ಬರು, ಬೆಕ್ಕು ಎಲ್ಲಿಂದ ಬಂತು ಎಂದು ಇನ್ನೊಬ್ಬರು. ಅಣ್ಣಾರಾಯ ಸರ್ ಎದ್ದು ನಿಂತರು. ಯಾರೋ ಮಷೀನಿಗೆ ಹಚ್ಚಿ ತರ್ಜುಮೆ ಮಾಡಿಸಿದ್ದಾರೆ, ಕೊನೆಯದಂತೂ ಪೂರ್ತಿ ಹಾಳು ಎಂದರು.

"ಹಾಳಾಗಿಲ್ರೀ ಸರ. ಇದ ಖರೇದು," ಎಂದ ಧನಾಜಿ. "ಅವತ್ತ ಫೈಲಿನಾಗ ಅಕ್ಷರ ಮುಗಿದಿದ್ವು. ಆ ಬಾಗಲದ ಮಾತು ನಾ ಹುಟ್ಟಿಸಿ ಹೇಳಿದ್ದು."

ಅಪ್ಪಾಸಾಹೇಬರು ನಕ್ಕರು. ಅವರ ನಗುವಿನಲ್ಲಿ ವಿಷವಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

"ಏ ಹುಚ್ಚಾ, ಅಂಥಾ ಮಾತ ನಿನಗ ಹೊಳೀತಿದ್ರ ನೀ ಯಾಕ ಮದವಿ ಮನ್ಯಾಗ ಮೈಕ್ ಹೊತಗೊಂಡ ತಿರಗತಿದ್ದಿ?"

ಮೈಕು ಬೇಡ ಅಂದದ್ದಕ್ಕೆ ಸಿಟ್ಟಾಗಿದ್ದಾನೆ, ಬಿಡಿ ಎಂದು ಸರ್ ಸಮಾಧಾನ ಹೇಳಿದರು. ನನ್ನದು ಬಿಡಿ, ಬಸ್ಸಿನಲ್ಲಿ ಇವಳು ಆಡುವುದನ್ನಾದರೂ ಇನ್ನೊಮ್ಮೆ ನೋಡಿ, ಬೆಕ್ಕಿನ ಮಾತಿಗೆ ಅವನು ತಿರುಗುತ್ತಾನಲ್ಲ, ಸಿನಿಮಾ ಅಂದರೆ ಅಷ್ಟೇ, ಅದೇ ಎಂದು ಧನಾಜಿ ಒಂದೇ ಉಸಿರಿಗೆ ಹೇಳಿದ. ಮೂರು ವರ್ಷದಲ್ಲಿ ಅವನು ಬಾಯಿಬಿಟ್ಟು ಪೂರ್ತಿ ಹೇಳಿದ ಮೊದಲ ಅಭಿಪ್ರಾಯ ಅದು. ಅಷ್ಟರಲ್ಲಿ ಶಂಕರೆಪ್ಪ ಚಹಾದ ಕಿಟ್ಲಿ ತಂದಿದ್ದರಿಂದ ಅರ್ಧ ಜನ ಆ ಕಡೆ ತಿರುಗಿದ್ದರು.

"ಖರೇ ಇರವಲ್ದ್ಯಾಕ, ಸುಳ್ಳ ಇರವಲ್ದ್ಯಾಕ," ಎಂದಳು ಹಿಂದಿನಿಂದ ಗುರವ್ವ. "ನಾವು ಬಾಗಲದ ಮಾತ ಕೇಳಾಕ ಬಂದೀವಿ. ಅದನ್ನ ಹೇಳಪಾ."

ಸರ್ ಅಕ್ಷರಗಳನ್ನು ತೆಗೆಸಿದರು. ಸಿನಿಮಾ ಹಿಂದಕ್ಕೆ ಓಡಿ ಬಸ್ಸಿನ ಬಾಗಿಲಲ್ಲಿ ನಿಂತಿತು. ಮೈಕನ್ನು ತಂದು ಅವನ ಕೈಗೇ ಕೊಟ್ಟರು. ಧನಾಜಿ ಶುರು ಮಾಡಿದ. ಎರಡು ಮಾತಿಗೆ ತಡವರಿಸಿದ. ಕಣ್ಣು ಅವಳ ತುಟಿಯ ಮೇಲಿತ್ತು, ಕಲ್ಲಿದ್ದಲು ತುಟ್ಟಿಯಾಗಿದೆ ಎಂದು ಅವಳು ಹೇಳುತ್ತಿರುವುದು ಗೊತ್ತಾಗುತ್ತಿತ್ತು.

"ಹಂಗಲ್ಲಣ್ಣಾ," ಎಂದು ಕರಿಷ್ಮಾ ತಿದ್ದಿದಳು. "ಮೊದಲ ತಾಟಿಂದು ಹೇಳಿದ್ದಿ, ಆಮ್ಯಾಲ ಬಾಗಲಾ."

ಅವಳೇ ಹೇಳಿಕೊಟ್ಟಳು. ಅವಳ ದನಿಗೆ ಗುರವ್ವನ ದನಿ ಕೂಡಿತು, ಆಮೇಲೆ ಹೆಂಗಸರೆಲ್ಲರದೂ. ಹನ್ನೊಂದ ವರ್ಷ ಬಾಗಲಾ ಕಡೆ ಮಾರಿ ಮಾಡಿ. ಒಂದು ಪದ ತಪ್ಪದೆ ಎಲ್ಲರಿಗೂ ಬಾಯಿಪಾಠವಾಗಿತ್ತು, ಅವನೊಬ್ಬನನ್ನು ಬಿಟ್ಟು. ಗಂಡ ತಿರುಗಿದ್ದನ್ನು ಈ ಸಲವೂ ಯಾರೂ ನೋಡಲಿಲ್ಲ. ಧನಾಜಿ ಗುಂಡಿ ಒತ್ತಿ ಮೈಕು ಆರಿಸಿದ. ಆರಿಸಿದ್ದು ಯಾರಿಗೂ ತಿಳಿಯಲಿಲ್ಲ.

ಕೊಲ್ಹಾಪುರದ ಠರಾವು ಚಪ್ಪಾಳೆಯಲ್ಲಿ ಮುಗಿಯಿತು. ಅಣ್ಣಾರಾಯ ಸರ್ ಹೋಗುವುದು, ಬಾಗಿಲಿನ ಮೇಲೆ ಮಾತಾಡುವುದು. ಅಪ್ಪಾಸಾಹೇಬರು ಧನಾಜಿಯ ಹೆಗಲು ತಟ್ಟಿ, ಶುಕ್ರವಾರ ಬೆಳಿಗ್ಗೆ ಸರ್ ಅವರನ್ನು ಜತ್ತದ ಎಸ್.ಟಿ. ಬಸ್ ಸ್ಟ್ಯಾಂಡಿನವರೆಗೆ ನಿನ್ನ ಗಾಡಿಯ ಮೇಲೆ ಬಿಟ್ಟುಬಿಡು ಎಂದರು. ಅವನು ಹೂಂ ಎಂದು ವಯರ್ ಸುತ್ತಿದ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ನೋಟ್‌ಬುಕ್ಕನ್ನು ಗೂಡಿನಲ್ಲಿಟ್ಟು ಕೈಕಾಲು ತೊಳೆದುಕೊಂಡ. ಅವ್ವ ಆಗಲೇ ಉಣ್ಣಲು ಕೂತಿದ್ದಳು. ಅವನಿಗೂ ತಾಟು ಹಾಕಿದಳು. ಅವನು ಅವಳ ಎದುರಿಗೆ ಕೂತ. ರೊಟ್ಟಿ ಮುರಿದ, ಬಾಯಿಗಿಡಲು ಮನಸ್ಸಾಗಲಿಲ್ಲ.

"ಗ್ಯಾಸ್ ಮುಗದೈತಿ, ಒಲಿ ಮ್ಯಾಲ ಮಾಡೀನಿ," ಎಂದಳು ಅವ್ವ. "ಮಗ್ಗಲ ಮನಿ ಮನಿಷಾನ ಆಡು ಈದೈತಿ ಮುಂಜಾನಿ." ಇನ್ನೊಂದು ತುತ್ತು ಬಾಯಿಗೆ ಒಯ್ದವಳು ನಡುವೆಯೇ ಕೈ ನಿಲ್ಲಿಸಿ, "ತುಸು ಸರದ ಕುಂದ್ರೊ, ಬಾಗಲಾ ಕಾಣವಲ್ದು," ಎಂದಳು.

ಧನಾಜಿ ತಾಟು ಎಳೆದುಕೊಂಡು ಗೋಡೆಯ ಕಡೆ ಸರಿದ.

"ಎರಡ ಮರಿ," ಎಂದು ಅವಳು ಮಾತು ಮುಂದುವರಿಸಿದಳು. "ಒಂದು ಕರೀದು, ಒಂದು ಬಿಳೇದು."