ಮೂರು ನೀರಿನಲ್ಲಿ ತೊಳೆದ ಉಪ್ಪು

ಮಾದನಾಯಕನಹಳ್ಳಿಯಲ್ಲಿ ಬುದ್ಧಿ ಇರುವುದು ತನ್ನೊಬ್ಬಳಿಗೇ ಎಂದು ಭಾಗ್ಯಮ್ಮ ಎಂದೋ ತೀರ್ಮಾನಿಸಿಬಿಟ್ಟಿದ್ದಳು. ಹೊಲವನ್ನು ಗೋಡೌನಿಗೆ ಬಾಡಿಗೆಗೆ ಕೊಟ್ಟ ಮೇಲೆ ಊರ ಗಂಡಸರೆಲ್ಲ ಕಾರಿನಲ್ಲಿ ಕೂತು ಕೂತು ದಡ್ಡರಾದರು, ವಠಾರಕ್ಕೆ ಬಾಡಿಗೆಗೆ ಬಂದವರು ಹುಟ್ಟುತ್ತಲೇ ದಡ್ಡರು. ಮಗ ವಸಂತನಂತೂ ಓದಿ ಓದಿ ಮರುಳಾದ ಕೂಚಂಭಟ್ಟ.

ಈ ವಸಂತ ಹೋದ ವರ್ಷ ಫೋನಿನಲ್ಲಿ ಯಾರೋ ಗಡ್ಡದವನ ಮಾತು ಕೇಳಿ, ಬಿಳಿ ಉಪ್ಪು ವಿಷವೆಂದು ಅಡುಗೆಮನೆಯಿಂದ ಎತ್ತಿ ಎಸೆದು, ಗುಲಾಬಿ ಬಣ್ಣದ ಉಪ್ಪು ತಂದಿಟ್ಟಿದ್ದ. ಭಾಗ್ಯಮ್ಮ ಅದನ್ನು ನಾಲಿಗೆಗೆ ಮುಟ್ಟಿಸಿ, "ಥೂ, ಇಟ್ಟಿಗೆ ಪುಡಿ ಇದ್ದಂಗೈತೆ," ಎಂದಿದ್ದಳು. ಅವನು ಕೇಳಬೇಕಲ್ಲ! ವರ್ಷವಿಡೀ ಮನೆಮಂದಿಯೆಲ್ಲ ಇಟ್ಟಿಗೆ ಪುಡಿಯನ್ನೇ ತಿಂದರು.

ಸೊಸೆ ಕೃಪಾಳಿಗೆ ನಾಲ್ಕು ತಿಂಗಳಾದಾಗ ತುಮಕೂರು ರಸ್ತೆಯ ನರ್ಸಿಂಗ್ ಹೋಮಿನಲ್ಲಿ ರಕ್ತ, ಮೂತ್ರ ಎರಡನ್ನೂ ಪರೀಕ್ಷೆ ಮಾಡಿಸಿದರು. ಡಾಕ್ಟರಮ್ಮ ರಿಪೋರ್ಟು ನೋಡಿ ಹುಬ್ಬು ಗಂಟಿಕ್ಕಿದರು.

"ಥೈರಾಯ್ಡ್ ಸರಿಯಿಲ್ಲ, ಟಿಎಸ್‌ಎಚ್ ಜಾಸ್ತಿ ಇದೆ. ಮೈಯಲ್ಲಿ ಅಯೋಡಿನ್ ಕಮ್ಮಿ. ಮನೇಲಿ ಯಾವ ಉಪ್ಪು ಬಳಸ್ತೀರಿ?"

"ಪಿಂಕ್ ಸಾಲ್ಟ್ ಮೇಡಂ. ಪ್ಯೂರ್ ನ್ಯಾಚುರಲ್," ಎಂದು ವಸಂತ ಎದೆಯುಬ್ಬಿಸಿದ.

"ಅದರಲ್ಲಿ ಅಯೋಡಿನ್ ಎಲ್ಲಿಂದ ಬರಬೇಕು? ಥೈರಾಯ್ಡ್‌ಗೆ ಮಾತ್ರೆ ಕೊಡ್ತೀನಿ. ಆದ್ರೆ ಮಗುವಿನ ಮೆದುಳು ಬೆಳೆಯೋಕೆ ಅಯೋಡಿನ್ ಬೇಕೇ ಬೇಕು. ಇವತ್ತಿಂದ ಅಯೋಡಿನ್ ಇರೋ ಉಪ್ಪೇ ಬಳಸಿ."

ಭಾಗ್ಯಮ್ಮನಿಗೆ ಮೊಮ್ಮಗುವಿನ ಚಿಂತೆ ಒಂದು ಕಡೆ, ನಾಲಿಗೆಗೆ ಹಬ್ಬ ಇನ್ನೊಂದು ಕಡೆ. ಮನೆ ಮುಟ್ಟುವ ತನಕ ಕಾರಿನ ಹಿಂದಿನ ಸೀಟಿನಿಂದ ಮಗನಿಗೆ ಮಂಗಳಾರತಿ ಎತ್ತಿದಳು. "ನನ್ ಮೊಮ್ಮಗೀಗೆ ಬುದ್ಧಿ ತುಂಬಕ್ಕೆ ನಿನ್ ಗಡ್ಡದೋನು ಬತ್ತಾನೇನೋ? ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತ ಸುಮ್ಕೆ ಯೋಳವ್ರಾ? ಎರಡನ್ನೂ ಬಿಟ್ಟು ಫೋನ್ ನೆಚ್ಕೊಂಡ್ಯಲ್ಲೋ!" ವಸಂತ ಸ್ಟೇರಿಂಗ್ ಹಿಡಿದು ಕೂತ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅವನಿಗೂ ಗೊತ್ತಿತ್ತು.

ಗುಲಾಬಿ ಉಪ್ಪು ಅವತ್ತೇ ಮೋರಿ ಸೇರಿತು. ಮಾರನೆಯ ದಿನ ಭಾಗ್ಯಮ್ಮ ತಾನೇ ನಲ್ಲಪ್ಪನ ಅಂಗಡಿಗೆ ಹೋಗಿ, ಪೊಟ್ಟಣದ ಮೇಲೆ ಅಯೋಡಿನ್ ಉಪ್ಪಿಗೆ ಹಾಕುವ ನಗುವ ಸೂರ್ಯನ ಗುರುತು ಇದೆಯೇ ಎಂದು ತಿರುಗಿಸಿ ತಿರುಗಿಸಿ ನೋಡಿ, ಅಯೋಡಿನ್ ಸೇರಿಸಿದ ಕಲ್ಲುಪ್ಪನ್ನೇ ತಂದಳು. ಪುಡಿ ಉಪ್ಪು ಸೋಮಾರಿಗಳಿಗೆ. ತಂದ ಉಪ್ಪನ್ನು ಅಗಲ ಪಾತ್ರೆಗೆ ಸುರಿದು, ಅವಳ ಅವ್ವ ಮಾಡುತ್ತಿದ್ದಂತೆಯೇ ಮೂರು ನೀರಿನಲ್ಲಿ ಸರಸರನೆ ತೊಳೆದು, ಮಹಡಿಯ ಮೇಲೆ ಬಿಳಿ ಪಂಚೆ ಹಾಸಿ ಒಣಗಿಸಿದಳು.

"ಅತ್ತೆ, ಉಪ್ಪು ತೊಳೀಬೇಕಾ?" ಎಂದು ಕೃಪಾ ಬಾಗಿಲಲ್ಲಿ ನಿಂತು ಕೇಳಿದಳು.

"ನೀರಿನ ಬಣ್ಣ ನೋಡವ್ವ ಇಲ್ಲಿ. ಈ ಕೊಳೆ ನನ್ ಮೊಮ್ಮಗ ತಿನ್ಬೇಕಾ? ಡಿಗ್ರಿ ಮಾಡಿದ್ರೆ ಆಗಲ್ಲ ಕಣೆ, ಒಸಿ ಬುದ್ಧಿನೂ ಇರ್ಬೇಕು. ನೀನು ಓಗಿ ಕೂತ್ಕೊ."

ಕೃಪಾ ಹೋಗಿ ಕೂತಳು. ಆಮೇಲೆ ಅಡುಗೆಗೆ ಉಪ್ಪು ಹಾಕುವ ಕೆಲಸವನ್ನು ಭಾಗ್ಯಮ್ಮ ಯಾರಿಗೂ ಬಿಡಲಿಲ್ಲ.

ಆರು ವಾರ ಕಳೆದು ಮತ್ತೆ ಪರೀಕ್ಷೆಯಾಯಿತು. ಮಾತ್ರೆಯಿಂದ ಟಿಎಸ್‌ಎಚ್ ಇಳಿದಿತ್ತು. ಆದರೆ ಮೂತ್ರದಲ್ಲಿ ಅಯೋಡಿನ್ ಮೊದಲಿನಷ್ಟೇ ಕಡಿಮೆ. ಡಾಕ್ಟರಮ್ಮ ಎರಡು ರಿಪೋರ್ಟನ್ನೂ ಪಕ್ಕಪಕ್ಕ ಇಟ್ಟು ನೋಡಿದರು. "ಉಪ್ಪು ಬದಲಾಯಿಸಲೇ ಇಲ್ವಾ?"

ಭಾಗ್ಯಮ್ಮ ಮಗನ ಕಡೆ ಉರಿಗಣ್ಣು ಬಿಟ್ಟು, ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ಈ ದಡ್ಡನ್ನ ಯಾಕ್ ಕೇಳ್ತೀರಾ ಮೇಡಂ. ನಾನೇ ತಂದಿವ್ನಿ, ಸೂರ್ಯನ ಗುರ್ತು ನೋಡಿ. ಸುಮ್ಕೆ ಅಂಗೇ ಆಕಲ್ಲ. ಮೂರು ನೀರಲ್ಲಿ ತೊಳ್ದು, ಬಿಸ್ಲಲ್ಲಿ ಒಣಗ್ಸಿ, ಆಮೇಲೇ ಸಾರಿಗೆ ಆಕದು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಅಮ್ಮ, ಅಯೋಡಿನ್ ಆ ಕಲ್ಲುಪ್ಪಿನ ಮೈಮೇಲೇ ಇರುತ್ತೆ. ತೊಳೆದ್ರೆ ನೀರಿನ ಜೊತೆ ಮೋರಿಗೆ ಹೋಗುತ್ತೆ."

ವಸಂತ ಗೊಳ್ಳೆಂದು ನಕ್ಕ. ವರ್ಷದಿಂದ ಕಾದಿಟ್ಟುಕೊಂಡಿದ್ದ ನಗು ಅದು. ಮಗುವಿನ ಅಪ್ಪ ತಾನೇ ಎಂಬುದು ಆ ಗಳಿಗೆಯಲ್ಲಿ ಅವನಿಗೆ ಮರೆತೇಹೋಗಿತ್ತು. ಕೃಪಾ ತಿರುಗಿ ನೋಡಿದ ಮೇಲೆ ಬಾಯಿ ಮುಚ್ಚಿದ.

"ಮಗುಗೆ ಏನಾದ್ರೂ ಆಗಿರುತ್ತಾ ಮೇಡಂ?" ಎಂದು ಕೇಳಿದವಳು ಕೃಪಾ ಒಬ್ಬಳೇ.

"ಅದನ್ನ ಈಗಲೇ ಹೇಳೋಕಾಗಲ್ಲಮ್ಮ. ಅಯೋಡಿನ್ ಮಾತ್ರೆನೂ ಬರೀತೀನಿ. ಇನ್ನೊಂದು ದಿನವೂ ಕಳೀಬೇಡಿ."

ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ಒಂದು ಮಾತೂ ಬರಲಿಲ್ಲ. ಊರಿಗೆಲ್ಲ ಬುದ್ಧಿಯಿಲ್ಲವೆಂದು ಸಾರಿಕೊಂಡು ತಿರುಗಿದ ಭಾಗ್ಯಮ್ಮ, ಹುಟ್ಟಬೇಕಾದ ಮೊಮ್ಮಗುವಿನ ಬುದ್ಧಿಯನ್ನು ತನ್ನ ಕೈಯಾರೆ ತೊಳೆದು ಚೆಲ್ಲಿದ್ದಳು. ಅದೂ ಮೂರು ನೀರಿನಲ್ಲಿ.

ಮನೆಯಲ್ಲಿ ಬಸ್ಸಾರು ಕುದಿಯುವಾಗ ಹೊಸ ಪೊಟ್ಟಣ ಒಡೆದಳು. ಉಪ್ಪಿನ ನಡುವೆ ಕರಿ ಕಸ ಕಂಡಿತು. ಕೈ ತಾನಾಗಿ ನೀರಿನ ಕೊಡದ ಕಡೆ ಹೋಯಿತು. ಅಲ್ಲೇ ನಿಂತಿತು. ಪೊಟ್ಟಣವನ್ನು ಸೊಸೆಯ ಕಡೆ ಚಾಚಿದಳು.

"ನೀನೇ ಆಕವ್ವ. ನಂಗೆ ಗೊತ್ತಾಗಲ್ಲ."

ಕೃಪಾ ಒಂದಿಷ್ಟು ತೆಗೆದು ಕಸದ ಸಮೇತ ಸಾರಿಗೆ ಹಾಕಿದಳು.

"ಅವತ್ತೇ ಕೇಳಿದ್ದೆ ಅತ್ತೆ," ಎಂದಳು.