ಒಂದು ಹೆಜ್ಜೆ ಮುಂದೆ

ಆ ವರ್ಷ ವಿಶ್ವವಿದ್ಯಾಲಯ ಮುಟ್ಟಿದ್ದೆಲ್ಲ ಚಿನ್ನವಾಗುತ್ತಿತ್ತು. ಪಾದ್ರಿಗಳು ಕಟ್ಟಿದ ಆ ಸಂಸ್ಥೆಗೆ ನೂರು ತುಂಬಿತ್ತು. ನರ್ಸಿಂಗ್ ಕಾಲೇಜಿನ ಮೊದಲ ತಂಡ ಪದವಿ ಮುಗಿಸಿತ್ತು. ಅದುವರೆಗೆ ಒದೆ ತಿನ್ನುವುದರಲ್ಲೇ ಹೆಸರು ಮಾಡಿದ್ದ ಹುಡುಗಿಯರ ಫುಟ್‌ಬಾಲ್ ತಂಡ ಕಪ್ ಹೊತ್ತು ತಂದಿತ್ತು. ಕಣ್ಣು ಕಾಣದ ವಿದ್ಯಾರ್ಥಿನಿಯೊಬ್ಬಳು ಗಣಿತದಲ್ಲಿ ಡಾಕ್ಟರೇಟ್ ಪಡೆದಿದ್ದಳು. ದೇಶದ ಉತ್ತಮ ವಿಶ್ವವಿದ್ಯಾಲಯಗಳ ಸಾಲಿನಲ್ಲಿ ಮೊದಲ ಬಾರಿಗೆ ಹೆಸರು ಬಂದಿತ್ತು. ಕೆಳಗಿನಿಂದ ಓದಿದರೆ ಬೇಗ ಸಿಗುತ್ತಿತ್ತು, ಅದು ಬೇರೆ ಮಾತು. ಕ್ಯಾಂಪಸ್ಸಿನಲ್ಲಿ ಎಲ್ಲರೂ ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದರು, ಸಂಗೀತದ ಮೇಡಂ ಒಬ್ಬಳನ್ನು ಬಿಟ್ಟು.

ಅವಳು ಚಾಪೆಲಿನ ಗಾನವೃಂದವನ್ನು ನಡೆಸುತ್ತಿದ್ದಳು. ಹುಡುಗರು ಅವಳಿಗಿಟ್ಟ ಅಡ್ಡಹೆಸರು ಸೈರನ್. ಹೆಸರು ಸುಮ್ಮನೆ ಬಂದದ್ದಲ್ಲ. ಚಾಪೆಲಿನ ಹಿಂದಿನ ಕಿಟಕಿಯಲ್ಲಿ ಹೊಗೆ ಕಂಡಿತೆಂದು ಅವಳು ಒಮ್ಮೆ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿದ್ದಳು. ಪೈಪು ಎಳೆದುಕೊಂಡು ನುಗ್ಗಿದವರಿಗೆ ಸಿಕ್ಕಿದ್ದು ಧೂಪ ಹಾಕುತ್ತಿದ್ದ ಒಬ್ಬ ಮುದಿ ಪಾದ್ರಿ. ಇನ್ನೊಮ್ಮೆ ಗ್ಯಾಸ್ ವಾಸನೆ ಎಂದು ಪರೀಕ್ಷೆಯ ಹಾಲನ್ನೇ ಖಾಲಿ ಮಾಡಿಸಿದಳು. ಅದು ಯಾರದೋ ಉಗುರುಬಣ್ಣದ ವಾಸನೆ. ಮನೆಯಿಂದ ಹೊರಟವಳು ಒಲೆ ಆರಿಸಿದೆನೋ ಇಲ್ಲವೋ ಎಂದು ಗೇಟಿನಿಂದ ವಾಪಸು ಹೋಗದ ದಿನವೇ ಇರಲಿಲ್ಲ. "ನೀನು ಹೆದರದೇ ಇರೋ ದಿನ ಬಂದ್ರೆ ಹೇಳು, ಅವತ್ತು ನಾನು ಹೆದರ್ತೀನಿ" ಎಂದು ಗಂಡ ರೇಗಿಸುತ್ತಿದ್ದ. ಇಷ್ಟೆಲ್ಲ ಆದಮೇಲೆ ತನ್ನ ಭಯದ ಮೇಲೆ ಅವಳಿಗೇ ನಂಬಿಕೆ ಉಳಿದಿರಲಿಲ್ಲ. ನಿಜವಾದ ಅಪಾಯ ಯಾವುದು, ತನ್ನ ಪುಕ್ಕಲುತನ ಯಾವುದು ಎಂದು ಬೇರೆ ಮಾಡಲು ಬಾರದೆ ಒದ್ದಾಡುತ್ತಿದ್ದಳು.

ಚಾಪೆಲಿನ ಮುಂಬಾಗಿಲಿನ ಮೇಲೆ, ಒಳಬದಿಗೆ, ಮರದ ಅಟ್ಟವೊಂದಿತ್ತು. ಗಾನವೃಂದ ಹಾಡುತ್ತಿದ್ದದ್ದು ಅಲ್ಲಿಂದಲೇ. ವರ್ಷದ ಕೊನೆಯ ಕೃತಜ್ಞತೆಯ ಮಾಸ್, ಅಂದರೆ ಬಲಿಪೂಜೆಯಲ್ಲಿ ಅಲ್ಲೊಂದು ಪದ್ಧತಿ ನಡೆದುಬಂದಿತ್ತು. ಸಂಸ್ಥೆ ಕಟ್ಟಿದ ಪಾದ್ರಿಗೆ ದೂರದೃಷ್ಟಿ ಬೇಕಾದಷ್ಟಿತ್ತು, ದೂರದ್ದು ಮಾತ್ರ ಕಾಣುತ್ತಿರಲಿಲ್ಲ. ಮೊದಲ ವರ್ಷ ಪೂಜೆ ಮುಗಿಸಿದವರು ಪೀಠದ ಬಳಿಯಿಂದಲೇ ಅಟ್ಟದತ್ತ ಕಣ್ಣು ಕಿರಿದು ಮಾಡಿ, "ಸ್ವಲ್ಪ ಮುಂದೆ ಬನ್ನಿ ಮಕ್ಕಳೇ, ನಿಮ್ಮ ಮುಖ ನೋಡ್ಬೇಕು" ಎಂದಿದ್ದರಂತೆ. ಅಂದಿನಿಂದ ಕೊನೆಯ ಹಾಡಿನ ಕೊನೆಯ ನುಡಿ ಬಂದಾಗ, ಹಾಡಿಸುವವರು ಕೈಸನ್ನೆ ಮಾಡಿದ ಕೂಡಲೇ, ಇಡೀ ಗಾನವೃಂದ ಒಟ್ಟಿಗೆ ಒಂದು ಹೆಜ್ಜೆ ಮುಂದಿಟ್ಟು ಅಂಚಿಗೆ ತಡೆಯಾಗಿದ್ದ ಕಟಾಂಜನಕ್ಕೆ ಒತ್ತಿ ನಿಲ್ಲುತ್ತಿತ್ತು. ಕೆಳಗಿದ್ದವರು ಹಿಂದಿರುಗಿ ಮೇಲೆ ನೋಡುತ್ತಿದ್ದರು. ತಾಯಂದಿರು ಕಣ್ಣೊರೆಸಿಕೊಳ್ಳುತ್ತಿದ್ದರು.

ನೂರನೇ ವರ್ಷಕ್ಕೆ ಹಿಂದೆ ಹಾಡಿದವರನ್ನೆಲ್ಲ ಕರೆಯೋಣ ಎಂಬ ಉಪಾಯ ಸಂಗೀತದ ಮೇಡಮ್ಮಿನದೇ. ಹಾಡಿಸುವವರು ಜನರನ್ನು ಲೆಕ್ಕ ಹಾಕುವ ರೀತಿಯೇ ಬೇರೆ. ತಗ್ಗಿನ ದನಿ ಸಾಲದು, ಇನ್ನಷ್ಟು ಗಂಡಸರು ಬರಲಿ ಅಂದಳು. ಅವರು ಹೆಚ್ಚಾದರು, ಮೇಲಿನ ದನಿ ಮುಚ್ಚಿಹೋಗುತ್ತದೆ, ಇನ್ನಷ್ಟು ಹೆಂಗಸರು ಬರಲಿ ಅಂದಳು. ದನಿಗಳನ್ನು ತೂಗುತ್ತಾ ಹೋದಳೇ ಹೊರತು, ಆ ದನಿಗಳೆಲ್ಲ ಮೈ ಹೊತ್ತುಕೊಂಡೇ ಅಟ್ಟ ಹತ್ತುತ್ತವೆ ಎನ್ನುವುದು ಅವಳ ತಲೆಗೆ ಹೋಗಲಿಲ್ಲ.

ಅಭ್ಯಾಸದ ದಿನ ಅರ್ಧದಷ್ಟು ಜನ ಮಾತ್ರ ಬಂದಿದ್ದರು. ಕೊನೆಯ ನುಡಿಗೆ ಅವಳು ಕೈ ಮಾಡಿದಳು, ಅವರು ಹೆಜ್ಜೆ ಇಟ್ಟರು. ಅವಳ ಪಕ್ಕದಲ್ಲಿದ್ದ ಹಾಡಿನ ಹಾಳೆಯ ಸ್ಟ್ಯಾಂಡಿನ ಮೇಲಿನ ಪೆನ್ಸಿಲ್ ತಾನೇ ತಾನಾಗಿ ಹೊರಳಿ, ಕಟಾಂಜನದ ಸಂದಿಯಿಂದ ಕೆಳಗೆ ಬಿತ್ತು. ಅದನ್ನು ತರಿಸಿ ಮತ್ತೆ ಅಲ್ಲೇ ಇಟ್ಟಳು. ಎಲ್ಲರನ್ನೂ ಹಿಂದೆ ಸರಿಸಿದಾಗ ಪೆನ್ಸಿಲ್ ಅಲುಗಲಿಲ್ಲ. ಮುಂದೆ ಕರೆದಾಗ ಮತ್ತೆ ಹೊರಳಿತು. ಕಟ್ಟಡಗಳ ಮೇಲ್ವಿಚಾರಕನಿಗೆ ಹೇಳಿ ಕಳಿಸಿದಳು.

ಅವನು ಬಂದು ಮೆಟ್ಟಿಲ ಪಕ್ಕದ ಹಲಗೆಯ ಮೇಲೆ ಎರಡು ಸಲ ಕುಣಿದು ನೋಡಿದ.

"ಬಂಡೆ ಇದ್ದ ಹಾಗಿದೆ ಮೇಡಂ. ಹಳೇ ಮರ, ಬಿಸಿಲಿಗೆ ಸ್ವಲ್ಪ ಸದ್ದು ಮಾಡುತ್ತೆ."

"ಸದ್ದಿನ ಮಾತಲ್ಲ. ಮುಂದೆ ಅಂಚಿನ ಹತ್ತಿರ ನೋಡಿ."

"ಅಲ್ಲಿ ಕಾರ್ಪೆಟ್ ಹಾಸಿ ಅಂಟಿಸಿಬಿಟ್ಟಿದ್ದೀವಲ್ಲ. ಬಿಷಪ್ ಬರ್ತಿದ್ದಾರೆ, ಈಗ ಕಿತ್ತರೆ ನನ್ನ ಕಥೆ ಮುಗೀತು."

ಸಂಸ್ಥೆಯ ಮುಖ್ಯಸ್ಥರಾದ ರೆಕ್ಟರ್ ಹತ್ತಿರ ಹೋದಳು. ಅವರು ದೊಡ್ಡ ಮೈಯ, ಮೆತ್ತನೆಯ ಮನಸ್ಸಿನ ಪಾದ್ರಿ. ಯಾರ ಮೇಲೂ ರೇಗಿದವರಲ್ಲ. ಅವಳಿಗೆ ಕುರ್ಚಿ ಎಳೆದುಕೊಟ್ಟು ಪೂರ್ತಿ ಕೇಳಿಸಿಕೊಂಡರು.

"ಮೇಡಂ, ಪೆನ್ಸಿಲ್ ದುಂಡಗಿರುತ್ತೆ. ದುಂಡಗಿರೋದು ಉರುಳುತ್ತೆ."

"ಇದು ಆರು ಮೂಲೆ ಪೆನ್ಸಿಲ್, ಫಾದರ್."

ಅವರು ನಕ್ಕರು. "ರಜೆ ಶುರುವಾಗ್ಲಿ, ಎಂಜಿನಿಯರನ್ನ ಕರೆಸ್ತೀನಿ. ಮಾತು ಕೊಡ್ತೀನಿ. ಆದ್ರೆ ಆ ಹೆಜ್ಜೆ ಬಿಡೋಕಾಗಲ್ಲ. ಟೀವಿಯವರು ಅದಕ್ಕೇ ಅಂತ ಬರ್ತಿದ್ದಾರೆ. ನೀವು ಸ್ವಲ್ಪ ನಿದ್ದೆ ಮಾಡಿ."

ಅವಳು ಹೂಂ ಅಂದು ಎದ್ದು ಬಂದಳು. ಧೂಪ, ಉಗುರುಬಣ್ಣ, ಈಗ ಪೆನ್ಸಿಲ್. ಮತ್ತೊಮ್ಮೆ ಬಾಯಿ ತೆರೆದರೆ ನಗೆಪಾಟಲಾಗುತ್ತೇನೆ ಎಂಬ ಭಯ ಒಂದು ಕಡೆ. ಬಾಯಿ ಮುಚ್ಚಿಕೊಂಡರೆ ಏನಾಗಬಹುದು ಎಂಬ ಭಯ ಇನ್ನೊಂದು ಕಡೆ.

ಪೂಜೆಯ ಬೆಳಿಗ್ಗೆ ಅವಳು ಮಾಡಿದ ಒಂದು ಕೆಲಸ ಅವಳಿಗೇ ಹಿಡಿಸಲಿಲ್ಲ. ತಂಗಿಯ ಮಗಳು ಮುಂದಿನ ಸಾಲಿನಲ್ಲಿ ಹಾಡುವವಳು. ಅವಳನ್ನು ಮೆಟ್ಟಿಲ ಹತ್ತಿರ ತಡೆದು, "ಇವತ್ತು ನೀನು ಹಿಂದಿನ ಸಾಲಲ್ಲಿ ನಿಂತ್ಕೋ" ಅಂದಳು.

"ಯಾಕೆ ದೊಡ್ಡಮ್ಮ?"

"ಹೇಳಿದ್ದು ಕೇಳು."

"ಎಲ್ಲರ ಮಕ್ಕಳೂ ಮುಂದೆ ನಿಂತಿರುವಾಗ ನಾನೊಬ್ಬಳು ಯಾಕೆ ಹಿಂದೆ?"

ಹುಡುಗಿ ಕೇಳಿದ್ದು ಬರೀ ಕೋಪದಿಂದ. ದೊಡ್ಡಮ್ಮನಿಗೆ ಮಾತ್ರ ಮುಖಕ್ಕೆ ಹೊಡೆದಂತಾಯಿತು. ಎಲ್ಲರ ಮಕ್ಕಳನ್ನೂ ಅಂಚಿಗೆ ನಿಲ್ಲಿಸಿ ತನ್ನವಳನ್ನು ಮಾತ್ರ ಹಿಂದಕ್ಕೆ ಎಳೆಯುತ್ತಿದ್ದೇನೆ ಎಂದು ನಾಚಿಕೆಯಾಯಿತು. "ಆಯ್ತು ಹೋಗು" ಎಂದು ಬಿಟ್ಟಳು.

ಅಟ್ಟ ತುಂಬಿ ತುಳುಕುತ್ತಿತ್ತು. ಹಳಬರು ಬಂದೇ ಬರುತ್ತಿದ್ದರು, ಒಬ್ಬರನ್ನೊಬ್ಬರು ತಬ್ಬಿಕೊಂಡು ಬೆನ್ನು ತಟ್ಟುತ್ತಿದ್ದರು. ದಪ್ಪ ದನಿಯ ನಿವೃತ್ತ ದಂತವೈದ್ಯರೊಬ್ಬರು ಒಬ್ಬರೇ ಇಬ್ಬರ ಜಾಗ ಹಿಡಿದು ಮುಂದಿನ ಸಾಲಿಗೆ ಬಂದು ನಿಂತರು. ಅವಳು ಅಟ್ಟದ ಒಂದು ಮೂಲೆಯಲ್ಲಿ, ಕಟಾಂಜನಕ್ಕೆ ಬೆನ್ನು ಮಾಡಿ, ಹಾಡುವವರ ಕಡೆ ಮುಖ ಮಾಡಿ ನಿಂತಳು. ಹತ್ತುವಾಗ ಒಮ್ಮೆ ಬಗ್ಗಿ ನೋಡಿದ್ದಳು. ಅಟ್ಟದ ನೇರ ಕೆಳಗೆ, ಕೊನೆಯ ಬೆಂಚುಗಳಲ್ಲಿ, ನರ್ಸಿಂಗ್ ಕಾಲೇಜಿನ ಹುಡುಗಿಯರೂ ಅವರ ಅಪ್ಪ ಅಮ್ಮಂದಿರೂ ಕೂತಿದ್ದರು.

ಪೂಜೆಯ ಕೊನೆಗೆ ರೆಕ್ಟರ್ ವರ್ಷದ ಸಾಧನೆಗಳನ್ನು ಒಂದೊಂದಾಗಿ ಹೇಳತೊಡಗಿದರು. ಪ್ರತಿಯೊಂದಕ್ಕೂ ಗಾನವೃಂದ "ದೇವರಿಗೆ ಸ್ತೋತ್ರ" ಎಂದು ಒಂದು ಸಾಲು ಹಾಡಬೇಕು. ನರ್ಸಿಂಗ್ ಕಾಲೇಜು ಎಂದರು, ಹಾಡಿದರು. ಫುಟ್‌ಬಾಲ್ ಕಪ್ ಎಂದರು, ಕೆಳಗೆ ಯಾರೋ ಶಿಳ್ಳೆ ಹಾಕಿದರು, ಬಿಷಪ್ಪರೂ ನಕ್ಕರು. ಗಣಿತದ ಹುಡುಗಿ ಎದ್ದು ನಿಂತಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಮೇಡಮ್ಮಿಗೆ ಯಾವುದೂ ಸಂತೋಷ ಕೊಡಲಿಲ್ಲ. ಒಂದೊಂದು ಸಾಧನೆ ಮುಗಿದಂತೆಲ್ಲ ಆ ಹೆಜ್ಜೆ ಹತ್ತಿರ ಬರುತ್ತಿತ್ತು. ಇನ್ನೂ ಇರಲಿ, ಇನ್ನೂ ಏನಾದರೂ ಸಾಧಿಸಿರಲಿ ಎಂದು ಅವಳು ಒಳಗೊಳಗೇ ಬೇಡಿಕೊಂಡಳು.

ಆದರೆ ಸಾಧನೆಗಳು ಮುಗಿದವು. ಕೊನೆಯ ಹಾಡು ಶುರುವಾಯಿತು. ಅವಳು ಸ್ಟ್ಯಾಂಡಿನ ಮೇಲಿಟ್ಟ ಪೆನ್ಸಿಲನ್ನೇ ನೋಡುತ್ತಿದ್ದಳು. ಜನ ಇನ್ನೂ ಹಿಂದಿನ ಜಾಗದಲ್ಲೇ ಇದ್ದರು, ಹೆಜ್ಜೆ ಇಟ್ಟಿರಲಿಲ್ಲ. ಆದರೂ ಪೆನ್ಸಿಲ್ ಒಂದು ಮಗ್ಗುಲು ಹೊರಳಿ ನಿಂತಿತು.

ಕೊನೆಯ ನುಡಿ ಬಂತು. ಎಲ್ಲರ ಕಣ್ಣೂ ಅವಳ ಕೈಯ ಮೇಲೆ. ಟೀವಿಯವನು ಕ್ಯಾಮೆರಾವನ್ನು ಅಟ್ಟದ ಕಡೆ ತಿರುಗಿಸಿದ್ದನ್ನು ಮಕ್ಕಳ ಮುಖದ ಮೇಲೆ ಬಿದ್ದ ಬೆಳಕಿನಿಂದಲೇ ತಿಳಿದಳು. ಅವಳು ಕೈ ಎತ್ತಿದಳು, ಅಂಗೈ ಹರವಿದಳು, ತಡೆದು ಹಿಡಿದಳು. ಇದ್ದಲ್ಲೇ ಇರಿ ಎಂದು ಅದರ ಅರ್ಥ. ದಂತವೈದ್ಯರು ಅಭ್ಯಾಸಬಲದಿಂದ ಕಾಲೆತ್ತಿದ್ದರು. ಅವಳು ದುರುಗುಟ್ಟಿ ನೋಡಿದಳು. ಅಂತಹ ನೋಟ ಅವಳಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅವರು ಕಾಲನ್ನು ಮೆಲ್ಲಗೆ ಇದ್ದಲ್ಲಿಗೇ ಇಳಿಸಿದರು. ಹಾಡು ಮುಗಿಯಿತು. ಕೆಳಗೆ ಕತ್ತು ತಿರುಗಿಸಿ ಕಾದಿದ್ದವರಲ್ಲಿ ಗುಸುಗುಸು ಎದ್ದಿತು.

"ಮೂವತ್ತು ವರ್ಷ ಆದ್ಮೇಲೆ ಬಂದಿದ್ದೆ, ಆ ಹೆಜ್ಜೆ ಇಡೋಕೆ" ಎಂದು ದಂತವೈದ್ಯರು ಇಳಿಯುವಾಗ ಗೊಣಗಿದರು. ಅವಳು ಹಿಂದಿನ ಸಾಲಿನಿಂದ ಶುರುಮಾಡಿ ಎಲ್ಲರನ್ನೂ ಸಾಲುಸಾಲಾಗಿ ಇಳಿಸಿದಳು. ಜನವೆಲ್ಲ ಊಟಕ್ಕೆ ಹೊರಗೆ ಹೋದರು. ಚಾಪೆಲ್ ಬರಿದಾಯಿತು. ಅವಳು ಮೆಟ್ಟಿಲ ಮೇಲ್ತುದಿಯ ಕಲ್ಲಿನ ಮೇಲೆ ನಿಂತೇ ಇದ್ದಳು. ಏನೂ ಆಗಿರಲಿಲ್ಲ. ಧೂಪ, ಉಗುರುಬಣ್ಣ, ಪೆನ್ಸಿಲ್. ನೂರು ವರ್ಷದ ಪದ್ಧತಿಯನ್ನು ಹಾಳು ಮಾಡಿದವಳು ಎಂದು ಇನ್ನು ಸಾಯುವ ತನಕ ಕೇಳಬೇಕಲ್ಲ ಎಂದು ದುಃಖ ಒತ್ತರಿಸಿ ಬಂತು.

ರೆಕ್ಟರ್ ಏದುಸಿರು ಬಿಡುತ್ತಾ ಮೇಲೆ ಬಂದರು. ಮುಖ ಸಪ್ಪಗಿತ್ತು.

"ಬೇಜಾರಾಯ್ತು ಮೇಡಂ. ಸುಳ್ಳು ಹೇಳಲ್ಲ."

"ಕ್ಷಮಿಸಿ ಫಾದರ್."

"ನಿಮ್ಮ ಭಯ ಇವತ್ತೇ ಬಿಡಿಸಿಬಿಡ್ತೀನಿ. ನೋಡಿ, ಇಲ್ಲಿ ಎಲ್ಲರಿಗಿಂತ ದಪ್ಪ ಇರೋನು ನಾನು."

ಬೇಡ ಎನ್ನುವಷ್ಟರಲ್ಲಿ ಅವರು ಕಾರ್ಪೆಟ್ಟಿನ ಮೇಲೆ ನಡೆದು ಕಟಾಂಜನ ಹಿಡಿದು ನಿಂತಿದ್ದರು. ಅವಳ ಕಡೆ ತಿರುಗಿ ನಕ್ಕರು. ಆಗ ಕಾರ್ಪೆಟ್ಟಿನ ಅಡಿಯಲ್ಲಿ ಏನೋ ಲಟಕ್ಕೆಂದು ಮುರಿಯಿತು. ಪೂಜೆಯುದ್ದಕ್ಕೂ ಅಷ್ಟು ಜನರನ್ನು ಹೊತ್ತಿದ್ದ ತೊಲೆ ಇನ್ನು ಇವರೊಬ್ಬರನ್ನೂ ಹೊರಲಾರದೆ ಹೋಗಿತ್ತು. ಅಟ್ಟದ ಮುಂಭಾಗ ಕೆಳಕ್ಕೆ ವಾಲಿತು. ಗಾರೆಯ ತುಂಡುಗಳು ಕೆಳಗಿನ ಖಾಲಿ ಬೆಂಚುಗಳ ಮೇಲೆ ಬಿದ್ದವು. ರೆಕ್ಟರರ ಮುಖ ಬಿಳಿಚಿಕೊಂಡಿತು. ಅವರು ಓಡಲು ಮೈ ಮುಂದಕ್ಕೆ ಎಳೆದರು. ಹಲಗೆ ಇನ್ನಷ್ಟು ಕುಸಿಯಿತು.

"ಫಾದರ್, ಓಡಬೇಡಿ." ಅವಳ ದನಿಗೆ ಅವಳೇ ಬೆರಗಾದಳು. ಅದರಲ್ಲಿ ನಡುಕವಿರಲಿಲ್ಲ. "ಕೆಳಗೆ ನೋಡಬೇಡಿ. ನನ್ನ ಕೈ ನೋಡಿ."

ಅವಳು ಕೈ ಎತ್ತಿದಳು. ಮಕ್ಕಳಿಗೆ ತಾಳ ತೋರಿಸುವ ಹಾಗೆ ಮೆಲ್ಲಗೆ ಇಳಿಸಿದಳು. "ಉಸಿರು ತಗೊಳ್ಳಿ. ಬಲಗಾಲು. ನಿಲ್ಲಿ. ಈಗ ಕಟಾಂಜನ ಬಿಡಿ. ಎಡಗಾಲು." ಕಾಲು ನಡುಗುವಾಗ ಹೇಗೆ ನಡೆಯಬೇಕು, ಉಸಿರು ಸಿಕ್ಕದಾಗ ಹೇಗೆ ಉಸಿರಾಡಬೇಕು ಎನ್ನುವುದು ಅವಳಿಗೆ ದಿನನಿತ್ಯದ ಪಾಠ. ಅಷ್ಟು ದೊಡ್ಡ ಮನುಷ್ಯರು ಅವಳ ಬೆರಳಿನಿಂದ ಕಣ್ಣು ಕೀಳದೆ, ಒಂದೊಂದೇ ಹೆಜ್ಜೆ ಬಂದು, ಕಲ್ಲಿನ ಮೆಟ್ಟಿಲ ಮೇಲೆ ಕುಸಿದು ಕೂತರು.

"ನಿಮಗೆ ಹೆದರಿಕೆ ಆಗ್ಲಿಲ್ವಾ?" ಎಂದು ಕೇಳಿದರು.

ಆಗಿರಲಿಲ್ಲ. ಗಂಡನಿಗೆ ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ, ಮೆಟ್ಟಿಲ ತಿರುವಿನ ಕಿಂಡಿಯಾಚೆ ಅಂಗಳದಲ್ಲಿ ತಂಗಿಯ ಮಗಳು ಕಂಡಳು. ಕೈಯಲ್ಲಿ ಊಟದ ತಟ್ಟೆ, ಜೊತೆಗೆ ಇನ್ನೂ ನಾಲ್ಕಾರು ಹುಡುಗಿಯರು. "ದೊಡ್ಡಮ್ಮ, ಊಟಕ್ಕೆ ಬರಲ್ವಾ?" ಎಂದು ಕೂಗುತ್ತಾ ಮುಂಬಾಗಿಲಿಗೆ, ವಾಲಿದ ಅಟ್ಟದ ಅಡಿಗೇ ಬರುತ್ತಿದ್ದಳು.

ಭಯ ಒಮ್ಮೆಲೇ ವಾಪಸು ಬಂತು, ಪೂರ್ತಿಯಾಗಿ. "ಒಳಗೆ ಬರಬೇಡಿ" ಎಂದು ಅವಳು ಗಂಟಲು ಹರಿಯುವಂತೆ ಕಿರುಚಿದಳು. ಪಕ್ಕದಲ್ಲಿ ರೆಕ್ಟರರೂ ಅದೇ ಮಾತನ್ನು ಕಿರುಚುತ್ತಿದ್ದರು.

ಹುಡುಗಿ ಹೊಸ್ತಿಲ ಮೇಲೆ ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ಇಟ್ಟಳು. ಒಳಗೆ ಅಟ್ಟದ ಅಂಚು ಕಳಚಿ ಬಿದ್ದ ಸದ್ದಿಗೆ ತಟ್ಟೆ ಅವಳ ಕೈಯಿಂದ ಜಾರಿತು. ಬಾಗಿಲಿನಿಂದ ಧೂಳು ಹೊರಬಂದು ಅವಳ ಕೂದಲ ಮೇಲೆಲ್ಲ ಕೂತಿತು. ದೊಡ್ಡಮ್ಮ ಕಿಂಡಿಯ ಕಂಬಿ ಹಿಡಿದುಕೊಂಡು, ಹಿಂದೆ ಹೋಗಿ, ಇನ್ನೂ ಹಿಂದೆ ಹೋಗಿ ಎಂದು ಕೈ ಬೀಸುತ್ತಲೇ ಇದ್ದಳು.