ಕೂರುವ ಜಾಗ

"ಏಯ್ ಚಾಮುಂಡಿ, ಕುಂಡಿ ಊರಕ್ಕೆ ಇದೇನು ನಿಮ್ಮಪ್ಪ ಕಟ್ಸಿದ್ ಜಗಲೀನಾ? ಏಳೇ ಮೇಲೆ."

ಅಕ್ಕಿ ಮೂಟೆಯ ಮೇಲೆ ಆಗಷ್ಟೇ ಕೂತಿದ್ದ ಚಾಮುಂಡೇಶ್ವರಿ ಎದ್ದಳು. ಬೈದವನು ಜಪಾನಿನ ಇಚಿಕಾವಾ ಸ್ಟೇಷನ್ ಹಿಂದಿನ ದೋಸೆ ಹೋಟೆಲಿನ ಯಜಮಾನ ರಾಮಪ್ರಸಾದ. ಕೊರೋನಾ ಬಂದು ಒಳಗೆ ಕೂತು ತಿನ್ನುವವರು ಇಲ್ಲವಾದಾಗ ಅವನು ಡಿಸೈನರನ್ನು ಕರೆಸಿ ಹೋಟೆಲಿನ ರೂಪವನ್ನೇ ಬದಲಿಸಿದ್ದ. ಬೀದಿಯ ಕಡೆಗೊಂದು ಪಾರ್ಸೆಲ್ ಕಿಟಕಿ, ಗಿರಾಕಿಗಳ ಕೊಡೆಗೆ ಕೊಕ್ಕೆ, ಚೀಲ ಇಡಲು ಹಲಗೆ, ಕಾಯುವವರಿಗೆ ಉದ್ದನೆಯ ಬೆಂಚು. ಒಳಗಿದ್ದ ಸ್ಟೂಲುಗಳು ಮಾತ್ರ ಮಾಯವಾದವು. ಕೂತರೆ ಕೈ ನಿಧಾನವಾಗುತ್ತದಂತೆ, ಜಾಗವೂ ದಂಡವಂತೆ. ಇಡೀ ದಿನ ಕಾವಲಿಯ ಮುಂದೆ ನಿಂತು ಚಾಮುಂಡೇಶ್ವರಿಯ ಕಾಲುಗಳು ಊದಿಕೊಂಡಿದ್ದವು. ಪಾತ್ರೆ ತೊಳೆಯುವ ತಿಮ್ಮಪ್ಪ ಗೋಡೆಗೆ ಒರಗಿದರೂ ಬೈಗುಳ. ಇಬ್ಬರೂ ಕೊಳ್ಳೇಗಾಲದ ಕಡೆಯವರು. ಇಬ್ಬರ ಪಾಸ್‌ಪೋರ್ಟೂ ರಾಮಪ್ರಸಾದನ ಬೀರುವಿನಲ್ಲಿದ್ದವು.

ದಿನಾ ಇಡ್ಲಿಗೆ ಬರುತ್ತಿದ್ದ ಮುದುಕಿ ಓಗಾವಾ ಸಾನ್, ಚಾಮುಂಡೇಶ್ವರಿ ಕುಂಟುವುದನ್ನು ಕಿಟಕಿಯಿಂದ ನೋಡಿ, ಒಂದು ಬೆಳಿಗ್ಗೆ ತಾನು ಹಿಡಿದು ನಡೆಯುತ್ತಿದ್ದ ಹಳೆಯ ತಳ್ಳುಗಾಡಿಯನ್ನು ತಂದುಕೊಟ್ಟಳು. ನಾಲ್ಕು ಚಕ್ರ, ತರಕಾರಿಗೊಂದು ಚೀಲ, ಮುಚ್ಚಳ ಹಾಕಿದರೆ ಮೆತ್ತನೆಯ ಪೀಠ. ಕಾಲು ಸೋತವರ ಮಾತನ್ನು ಕೇಳಿಸಿಕೊಂಡೇ ಯಾರೋ ಮಾಡಿದಂತಿತ್ತು. ಚಾಮುಂಡೇಶ್ವರಿ ಅರಿಗಾತೋ ಎಂದು ಥ್ಯಾಂಕ್ಸ್ ಹೇಳಿದವಳೇ ಅದರ ಮೇಲೆ ಕೂತು ಈರುಳ್ಳಿ ಹೆಚ್ಚತೊಡಗಿದಳು. ತಿಮ್ಮಪ್ಪ ಅವಳನ್ನು ಒಲೆಯಿಂದ ಸಿಂಕಿನವರೆಗೆ ತಳ್ಳಿಕೊಂಡು ಹೋದ. ಇಬ್ಬರಿಗೂ ನಗು.

ನಗು ಕೇಳಿ ಬಂದ ರಾಮಪ್ರಸಾದ ಅವಳನ್ನು ಎಬ್ಬಿಸಿ, ಗಾಡಿಯನ್ನು ಹಿಂಬಾಗಿಲಾಚೆಗೆ ಒದ್ದ. "ಲಕ್ಷಗಟ್ಲೆ ಸುರ್ದು ಕಿಚನ್ ಡಿಸೈನ್ ಮಾಡ್ಸಿದೀನಿ, ಕಸ ತಂದು ತುಂಬ್ತೀರಾ? ನಾಳೇನೇ ಟಿಕೆಟ್ ಹಾಕಿ ಇಬ್ರನ್ನೂ ಊರಿಗೆ ಅಟ್ತೀನಿ."

ಚಾಮುಂಡೇಶ್ವರಿ ಒಲೆ ಆರಿಸಿದಳು. ಮುಂದಿನ ಬಾಗಿಲಿನಿಂದ ಹೊರಗೆ ಹೋಗಿ, ಸಾಲಿನಲ್ಲಿ ನಿಂತಿದ್ದ ಗಿರಾಕಿಗಳ ಎದುರೇ ಬೆಂಚಿನ ಮೇಲೆ ಕೂತಳು. ತಿಮ್ಮಪ್ಪನೂ ಬಂದು ಪಕ್ಕದಲ್ಲಿ ಕೂತ. ಹಿಂದೆಯೇ ಓಡಿ ಬಂದ ರಾಮಪ್ರಸಾದ ಜನರ ಮುಂದೆ ಕೂಗಲಾರದೆ ಹಲ್ಲು ಕಚ್ಚಿ ಗದರಿದ.

"ಇಮಾನ್ವೇ ಹಾರ್ತಿಲ್ವಲ್ಲ ಬುದ್ದಿ, ಎಲ್ಲಿಗ್ ಅಟ್ಟೀರಿ?" ಅಂದಳು ಅವಳು. "ನಮ್ ಬದ್ಲಿಗೆ ಬ್ಯಾರೆಯವ್ರು ಬರಂಗೂ ಇಲ್ಲ. ಕೂರಕ್ಕೆ ಎಲ್ಡು ಸ್ಟೂಲು ಮಡಗಿ. ನಮ್ ಪಾಸ್‌ಪೋರ್ಟ್ ಕೊಡಿ. ಆಮ್ಯಾಕೆ ವಲೆ ಹಚ್ತೀನಿ."

ಅವನು ಸಾಲಿನ ಕಡೆ ಬಗ್ಗಿ ಸುಮಿಮಾಸೆನ್, ಸುಮಿಮಾಸೆನ್ ಎಂದು ಕ್ಷಮೆ ಕೇಳುತ್ತ ಒಳಗೆ ಹೋಗಿ, ಒಲೆ ಹಚ್ಚಿ ತಾನೇ ದೋಸೆ ಹುಯ್ದ. ಮೊದಲನೆಯದು ಹರಿಯಿತು, ಎರಡನೆಯದು ಸೀದು ಕಿಟಕಿಯಿಂದ ಹೊಗೆ ಬಂತು. ಸಾಲಿನಲ್ಲಿದ್ದವರು ಮಾಸ್ಕಿನೊಳಗೇ ಕೆಮ್ಮಿದರು. ಇಡ್ಲಿಗೆಂದು ಬಂದ ಓಗಾವಾ ಸಾನ್ ಸಾಲಿಗೆ ಸೇರಲಿಲ್ಲ. ಬೆಂಚಿನ ಇನ್ನೊಂದು ತುದಿಯಲ್ಲಿ ಅಂತರ ಬಿಟ್ಟು ಕೂತುಬಿಟ್ಟಳು.

ಸ್ವಲ್ಪ ಹೊತ್ತಿಗೆ ಹೊಗೆಯ ನಡುವಿನಿಂದ ಒಂದು ಕೈ ಬಂದು, ಕಿಟಕಿಯ ಹಲಗೆಯ ಮೇಲೆ ಎರಡು ಪಾಸ್‌ಪೋರ್ಟು ಇಟ್ಟಿತು. ತಿಮ್ಮಪ್ಪ ಓಡಿ ತಂದು, ಕೆಲಸಕ್ಕೆಂದು ಒಳಗೆ ಹೊರಟ. ಚಾಮುಂಡೇಶ್ವರಿ ಅವನ ಅಂಗಿ ಹಿಡಿದು ಎಳೆದಳು.

"ಕುಂತ್ಕಳ್ಲಾ, ಸ್ಟೂಲು ಇನ್ನೂ ಬಂದಿಲ್ಲ."